ಜಪಾನಿನ ಕ್ಯೋಟೋದಲ್ಲಿ ಟೀ ಸೆರೆಮನಿಗೆ ದುಡ್ಡು ಕಟ್ಟುವ ಮುಂಚೆ

ಬುಕ್ ಮಾಡುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ. ಟೀಯನ್ನು ನಮ್ಮೆದುರೇ ಕೂತು, ಶುರುವಿನಿಂದ ಕೊನೆಯವರೆಗೆ ಕ್ರಮವಾಗಿ ಮಾಡಿ ಕೊಡುತ್ತಾರಾ? ಉತ್ತರ ನೇರವಾಗಿ ಬರದಿದ್ದರೆ ಆ ಜಾಗ ಬಿಟ್ಟುಬಿಡಿ.

ಕಿಯೋಮಿಜು ದೇವಸ್ಥಾನದ ದಾರಿಯಲ್ಲಿ ನಮಗೆ ಆಗಿದ್ದು ಹೇಳುತ್ತೇನೆ. ಜಾಹೀರಾತಿನಲ್ಲಿ ತೋಟ, ತಾತಾಮಿ ಚಾಪೆಯ ಪುಟ್ಟ ಕೋಣೆ. ಹೋಗಿ ನೋಡಿದರೆ ಅಂಗಡಿ ಮೇಲಿನ ಹಾಲ್, ತುಂಬಾ ಜನ. ‘ಕಿಮೋನೊ ಸೇರಿ’ ಅಂತ ಬರೆದಿದ್ದರು, ಅಂದರೆ ಜಪಾನಿ ಉಡುಪೂ ಸೇರಿ. ಆದರೆ ಚೆನ್ನಾಗಿರುವುದು ಬೇಕಾದರೆ ಜಾಸ್ತಿ ದುಡ್ಡು, ತಲೆ ಬಾಚಲು ಬೇರೆ ದುಡ್ಡು. ಅರ್ಧ ಹೊತ್ತು ಅದರಲ್ಲೇ ಹೋಯಿತು. ಆಮೇಲೆ ಒಬ್ಬರು ಮೈಕ್ ಹಿಡಿದು ನಾಲ್ಕು ಮಾತು ಹೇಳಿದರು. ಬಟ್ಟಲಿಗೆ ಮಾಚಾ, ಅಂದರೆ ಹಸಿರು ಟೀ ಪುಡಿ ಮೊದಲೇ ಹಾಕಿಟ್ಟಿದ್ದರು. ಫ್ಲಾಸ್ಕಿನಿಂದ ಬಿಸಿನೀರು ಸುರಿದರು, ನಾವೇ ಕಡೆದುಕೊಂಡು ಕುಡಿದೆವು. ಮುಗೀತು! ದುಡ್ಡು ವಾಪಸ್ ಕೇಳಿದರೆ, ‘ಟೀ ಕೊಟ್ಟಿದ್ದೇವಲ್ಲ’ ಅಂದರು.

ನೋಡಬೇಕಾದದ್ದೇ ಆ ಕೈಕೆಲಸ. ರೇಷ್ಮೆ ಬಟ್ಟೆ ಮಡಚಿ ಡಬ್ಬಿ ಒರೆಸುವುದು, ಬಟ್ಟಲು ತೊಳೆಯುವುದು, ಕಬ್ಬಿಣದ ಪಾತ್ರೆಯಿಂದ ಬಿದಿರಿನ ಸೌಟಲ್ಲಿ ನೀರು ಮೊಗೆಯುವುದು, ಎಲ್ಲಕ್ಕೂ ಒಂದು ಕ್ರಮ ಇದೆ. 16ನೇ ಶತಮಾನದಲ್ಲಿ ಸೆನ್ ನೊ ರಿಕ್ಯು ಅನ್ನುವ ಟೀ ಗುರು ಗಟ್ಟಿ ಮಾಡಿದ ಪದ್ಧತಿ ಇದು. ಅವರ ವಂಶದ ಮೂರು ಮನೆತನಗಳು ಇವತ್ತಿಗೂ ಕ್ಯೋಟೋದಲ್ಲೇ ಇವೆ. ಊಟ ಸಮೇತ ಪೂರ್ತಿ ನಡೆದರೆ ಸುಮಾರು 4 ಗಂಟೆ ಹಿಡಿಯುತ್ತದೆ. ನಮ್ಮಂಥವರಿಗೆ ಮುಕ್ಕಾಲು ಗಂಟೆ ಸಾಕು, ತಕರಾರಿಲ್ಲ. ಆದರೆ ಆ ಕೈಕೆಲಸವನ್ನೇ ತೆಗೆದುಹಾಕಿದರೆ ಉಳಿಯುವುದು ಹಸಿರು ಟೀ ಅಷ್ಟೇ.

ಹಾಗಂತ ಕುರ್ಚಿ ಕಂಡ ತಕ್ಷಣ ಮೋಸ ಅಂದುಕೊಳ್ಳಬೇಡಿ. 1872ರ ಕ್ಯೋಟೋ ವಸ್ತುಪ್ರದರ್ಶನಕ್ಕೆ ಬರುವ ವಿದೇಶಿಯರಿಗಾಗಿ ಆ ಮೂರರಲ್ಲಿ ಒಂದಾದ ಉರಾಸೆಂಕೆ ಮನೆತನವೇ ಮೇಜು-ಕುರ್ಚಿಯ ಕ್ರಮ ಮಾಡಿತು. ಮಂಡಿ ನೋವಿರುವ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು ಅದನ್ನೇ ಕೇಳಿ.

ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಟೀ ಜೊತೆಗಿನ ಸಿಹಿ ಸಾಮಾನ್ಯವಾಗಿ ಕಾಳಿನ ಹೂರಣ, ಸಕ್ಕರೆ, ಅಕ್ಕಿಹಿಟ್ಟಿನದು, ಆದರೂ ಕೇಳಿಕೊಳ್ಳಿ. ಊಟ ಸೇರಿದ ಪ್ಯಾಕೇಜ್ ಆದರೆ ಹುಷಾರು, ತರಕಾರಿ ಸೂಪಿಗೂ ಒಣಮೀನಿನ ಸಾರು ‘ದಾಶಿ’ ಹಾಕಿರುತ್ತಾರೆ. ‘ವೆಜ್’ ಅಂದರೆ ಸಾಲದು, ದಾಶಿ ಬೇಡ ಅಂತ ಬಿಡಿಸಿ ಹೇಳಿ.

ಸುಮ್ನೆ ಕ್ಯೋಟೋದಲ್ಲೇ ಹುಡುಕುವುದಕ್ಕಿಂತ ಪಕ್ಕದ ಉಜಿಗೆ ಹೋಗಿಬನ್ನಿ. ರೈಲಿನಲ್ಲಿ ಅರ್ಧ ಗಂಟೆಯೊಳಗೆ ತಲುಪುತ್ತೀರಿ. ಟೀಗೆ ಹೆಸರಾದ ಊರು ಅದು. ಬ್ಯೋದೋಯಿನ್ ದೇವಸ್ಥಾನದ ಹತ್ತಿರ, ನದಿ ಪಕ್ಕ, ‘ತೈಹೋ-ಆನ್’ ಅನ್ನುವ ಟೀ ಮನೆ ಇದೆ. ನಗರಾಡಳಿತದ್ದು. ಹೊರಡುವ ಮುಂಚೆ ಅವತ್ತು ತೆರೆದಿದೆಯಾ ಅಂತ ಮಾತ್ರ ನೋಡಿಕೊಳ್ಳಿ.