ಚಳಿಗಾಲದಲ್ಲಿ ಹೀಟ್ ಪಂಪ್: ನೀರನ್ನು ಮಧ್ಯಾಹ್ನವೇ ಕಾಯಿಸಿಡಿ

ಚಿಕ್ಕಬಳ್ಳಾಪುರದಲ್ಲಿ ನೀರು ಕಾಯಿಸುವ ಹೀಟ್ ಪಂಪ್ ಹಾಕಿಸಿಕೊಂಡವರಿಂದ ಡಿಸೆಂಬರ್ ಬಂತೆಂದರೆ ಒಂದೇ ದೂರು: ನೀರು ಬೇಗ ಕಾಯುವುದಿಲ್ಲ, ಕರೆಂಟ್ ಬಿಲ್ಲೂ ಇಳಿಯಲಿಲ್ಲ. ನಮ್ಮ ಮನೆಯ 200 ಲೀಟರಿನ ಯಂತ್ರ ಮೂರು ಚಳಿಗಾಲ ಕಂಡಿದೆ. ಆ ಅನುಭವದಿಂದ ಹೇಳುತ್ತೇನೆ, ಬಹುಪಾಲು ಮನೆಗಳಲ್ಲಿ ದೋಷ ಯಂತ್ರದ್ದಲ್ಲ, ಅದನ್ನು ಓಡಿಸುವ ಹೊತ್ತಿನದು.

ಗೀಸರ್ ಕರೆಂಟನ್ನೇ ಶಾಖವಾಗಿಸುತ್ತದೆ. ಹೀಟ್ ಪಂಪ್ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ, ಕಂಪ್ರೆಸರ್ ಮೂಲಕ ಅದರ ಬಿಸಿ ಏರಿಸಿ ಟ್ಯಾಂಕಿನ ನೀರಿಗೆ ದಾಟಿಸುತ್ತದೆ. 200 ಲೀಟರ್ ನೀರನ್ನು 20 ಡಿಗ್ರಿಯಿಂದ 55ಕ್ಕೆ ಏರಿಸಲು ಗೀಸರಿಗೆ 8 ಯೂನಿಟ್‌ಗೂ ಹೆಚ್ಚು ಬೇಕು. ಗಾಳಿ ಬೆಚ್ಚಗಿದ್ದರೆ ಹೀಟ್ ಪಂಪಿಗೆ 3 ಯೂನಿಟ್ ಸಾಕು. ಗಾಳಿ ತಣ್ಣಗಾದಷ್ಟೂ ಈ ಉಳಿತಾಯ ಕರಗುತ್ತದೆ. ನಸುಕಿನ ಐದಕ್ಕೆ ಟೈಮರ್ ಇಟ್ಟರೆ ನಂದಿ ಬೆಟ್ಟದ ಕಡೆಯಿಂದ ಬರುವ ಆ ಕೊರೆಯುವ ಗಾಳಿಯಿಂದಲೇ ಶಾಖ ಹೆಕ್ಕಬೇಕು. ನೀರು ನಿಧಾನವಾಗಿ ಕಾಯುತ್ತದೆ. ಆಗ ಎಷ್ಟೋ ಮಾದರಿಗಳಲ್ಲಿ ಒಳಗಿನ ವಿದ್ಯುತ್ ಹೀಟರ್ ತಾನಾಗಿಯೇ ಚಾಲೂ ಆಗುತ್ತದೆ. ಇಷ್ಟು ದುಡ್ಡು ಕೊಟ್ಟು ತಂದು ಮತ್ತೆ ಗೀಸರನ್ನೇ ಉರಿಸಿದಂತಾಯಿತು!

ನಮ್ಮದು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರೊಳಗೆ ಕೆಲಸ ಮುಗಿಸುತ್ತದೆ. ಮಾಗಿಯಲ್ಲೂ ಇಲ್ಲಿ ಆ ಹೊತ್ತಿಗೆ ಒಳ್ಳೆಯ ಬಿಸಿಲಿರುತ್ತದೆ. ಟ್ಯಾಂಕಿನ ಸುತ್ತ ದಪ್ಪ ಫೋಮ್ ಇರುವುದರಿಂದ ಬೆಳಗಿನವರೆಗೆ ಇಳಿಯುವುದು ಕೆಲವೇ ಡಿಗ್ರಿ. ಧನುರ್ಮಾಸದಲ್ಲಿ ನಮ್ಮ ಅತ್ತೆ ಕತ್ತಲಿರುವಾಗಲೇ ಸ್ನಾನ ಮುಗಿಸಿ ಪೂಜೆಗೆ ಕೂರುವವರು. ಅವರಿಗೆ ಹಂಡೆಯ ನೀರೇ ನೀರು. "ಇದೂ ಪರವಾಗಿಲ್ಲ ಕಣಮ್ಮ, ತಣ್ಣೀರು ಬೆರೆಸಿಕೊಳ್ಳಲೇಬೇಕು" ಎಂದರು. ನನಗೆ ಅಷ್ಟು ಸಾಕು.

ನಿರ್ವಹಣೆಯಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಶತ್ರು ಚಳಿಯಲ್ಲ, ಬೋರ್‌ವೆಲ್ಲಿನ ಗಡಸು ನೀರು. ಟ್ಯಾಂಕಿನೊಳಗೆ ಆನೋಡ್ ಎಂಬ ಮೆಗ್ನೀಸಿಯಂ ಸರಳು ಇರುತ್ತದೆ. ತಾನು ಸವೆದು ಟ್ಯಾಂಕಿನ ಉಕ್ಕನ್ನು ತುಕ್ಕಿನಿಂದ ಕಾಯುವುದು ಅದರ ಕೆಲಸ. ನಮ್ಮದನ್ನು ಬಿಚ್ಚಿಸಿದಾಗ ಹೆಬ್ಬೆರಳಿನಷ್ಟು ದಪ್ಪವಿದ್ದ ಸರಳು ಮೈತುಂಬ ಗುಳಿ ಬಿದ್ದು, ತುದಿಯಲ್ಲಿ ನಡುವಿನ ತಂತಿ ಮಾತ್ರ ಉಳಿದಿತ್ತು. ಮುಟ್ಟಿದರೆ ಬಿಳಿ ಪುಡಿ ಉದುರುತ್ತಿತ್ತು. ಆದರೂ ಸರ್ವಿಸ್‌ಗೆ ಬಂದವರು ಅದನ್ನು ತಾವಾಗಿ ನೋಡುವುದೇ ಇಲ್ಲ, ನಾವೇ ಕೇಳಿ ತೆಗೆಸಬೇಕು. ಇದು ನನ್ನ ನಿಜವಾದ ಅಸಮಾಧಾನ. ವರ್ಷಕ್ಕೊಮ್ಮೆ ಆನೋಡ್ ನೋಡಿಸಿ, ತಳದ ವಾಲ್ವ್‌ನಿಂದ ಗಸಿ ಹೊರಬಿಡಿಸಿ.

ಫ್ಯಾನಿನ ಹಿಂದಿನ, ಗಾಳಿಯ ಶಾಖ ಹೀರುವ ಕಾಯಿಲ್ ಮೇಲೆ ಕೂರುವ ಧೂಳನ್ನು ಕರೆಂಟ್ ಆಫ್ ಮಾಡಿ ಮೆತ್ತನೆಯ ಬ್ರಷ್‌ನಿಂದ ತೆಗೆಯುತ್ತೇನೆ. ಧೂಳು ಗಾಳಿಗೆ ಅಡ್ಡವಾದರೂ ಉಳಿತಾಯ ಕರಗುತ್ತದೆ. ಯಂತ್ರದಿಂದ ತೊಟ್ಟಿಕ್ಕುವ ನೀರು ಸೋರಿಕೆಯೆಂದು ಗಾಬರಿಯಾಗಬೇಡಿ. ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿಯುವುದು ಸಹಜ. ಆ ನೀರು ಹೊರಹೋಗುವ ಪೈಪ್ ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ. ಕರೆಂಟ್ ಹೋಗಿ ಬಂದಾಗ ಕಂಪ್ರೆಸರ್ ಕೆಲವು ನಿಮಿಷ ತಡೆದು ಶುರುವಾಗುವುದೂ ಅದರ ರಕ್ಷಣೆಗಾಗಿಯೇ.

ಐದಾರು ಜನರಿರುವ ಮನೆಗೆ ಧೈರ್ಯವಾಗಿ ಹಾಕಿಸಿ. ಇಬ್ಬರೇ ಇದ್ದರೆ ಹಾಕಿದ ಬಂಡವಾಳ ಹುಟ್ಟಲು ಬಹಳ ಕಾಲ ಬೇಕು, ಸಣ್ಣ ಗೀಸರೇ ಸರಿ.