ತೋಡಿ ಗಾಂಧಾರಕ್ಕೋಸ್ಕರ ಗಿಟಾರ್ ಕೆರೆಸ್ಕೊಂಡು ಬಂದ ಕತೆ (ಸಿರ್ಸಿ ರಿಪೇರಿ ಅಂಗಡಿ ರಿವ್ಯೂ)

ಕಾರವಾರದಿಂದ ಗಿಟಾರ್ ಹೆಗಲಿಗೆ ಹಾಕ್ಕೊಂಡು ಸಿರ್ಸಿ ಬಸ್ ಹತ್ತೋವಾಗ ಮನೇಲಿ ಎಲ್ರೂ ನಕ್ಕಿದ್ರು, ಪಕ್ಕದಲ್ಲೇ ಗೋವಾ ಇಟ್ಕೊಂಡು ಗಿಟಾರ್ ರಿಪೇರಿಗೆ ಯಾರಾದ್ರೂ ಘಟ್ಟ ಹತ್ತತಾರಾ ಅಂತ. ಗೋವಾಕ್ಕೂ ಹೋಗಿದ್ದೆ ಮಾರಾಯ್ರೆ, ಒಂದು ಕಡೆ "ಒಳ್ಳೇ ಗಿಟಾರ್ ಯಾಕೆ ಹಾಳ್ಮಾಡ್ಕೋತೀರಿ" ಅಂತ ಹಾಗೇ ವಾಪಸ್ ಕಳ್ಸಿದ್ರು.

ನಾನು ಗಿಟಾರಲ್ಲಿ ಬಾರಿಸೋದು ಕರ್ನಾಟಕ ಸಂಗೀತ, ನಂಗೆ ಬೇಕಿದ್ದಿದ್ದು ಸ್ಕ್ಯಾಲೊಪಿಂಗ್, ಅಂದ್ರೆ ಎರಡು ಫ್ರೆಟ್ (ಗಿಟಾರ್ ಕುತ್ತಿಗೆ ಮೇಲಿನ ಅಡ್ಡ ಕಂಬಿ) ಮಧ್ಯದ ಮರಾನ ದೋಣಿ ಥರ ಕೆರೆದು ತಗ್ಗು ಮಾಡೋದು. ವೀಣೆ ನೋಡಿದವ್ರಿಗೆ ಇದು ತಟ್ಟನೆ ಅರ್ಥ ಆಗತ್ತೆ, ಅಲ್ಲಿ 24 ಮೆಟ್ಟಿಲು ಮೇಣದ ಮೇಲೆ ಎತ್ತರಕ್ಕೆ ಕೂತಿರ್ತಾವೆ, ಬೆರಳಿಗೆ ತಂತಿ ಬಿಟ್ಟು ಬೇರೆ ಏನೂ ತಾಗಲ್ಲ, ಹಂಗಾಗಿ ಎಷ್ಟು ಬೇಕೋ ಅಷ್ಟು ಎಳೀಬಹುದು. ಗಿಟಾರಲ್ಲಿ ಬೆರಳಿನ ಮಾಂಸ ಮರಕ್ಕೆ ಉಜ್ಜತ್ತೆ. ಶಂಕರಾಭರಣ, ಮೋಹನ ಅಂತ ರಾಗ ಬಾರಿಸ್ತಾ ಇದ್ರೆ ಹೆಂಗೋ ನಡಿಯತ್ತೆ, ತೋಡಿ ರಾಗಕ್ಕೆ ಬಂದಾಗ ಬಣ್ಣ ಬಯಲು. ನಾನು ಸಾ ಪಾ ಸಾ ಪಾ ಪಾ ಸಾ ಅಂತ ಟ್ಯೂನ್ ಮಾಡ್ಕೋತೀನಿ, ಸಾ ಅಂದ್ರೆ ಡಿ, ಮೊದಲ್ನೇ ತಂತಿ 13ನೇ ಫ್ರೆಟ್‌ನಲ್ಲಿ ರಿಷಭ ಒತ್ತಿ ಅಲ್ಲಿಂದ್ಲೇ ಮಧ್ಯಮ ಮುಟ್ಟೋ ತನಕ ಎಳೆದು ಬಿಟ್ಟು ಎಳೆದು ಬಿಟ್ಟು ಗಾಂಧಾರ ತೂಗ್ಬೇಕು, ನಾಲ್ಕು ಸ್ವರಸ್ಥಾನದ ಎಳೆತ. ಗಾಂಧಾರದ ಮನೇಲೇ ಬೆರಳಿಟ್ಟು ಅಲ್ಲಾಡಿಸಿದ್ರೆ ಅದು ಬರೀ ನಡುಕ, ತೋಡಿ ಅಲ್ಲ.

ಅಂಗಡಿ ಅಂದ್ರೆ ದೇವಿಕೆರೆ ಕಡೆ ಒಂದು ಸಣ್ಣ ಕೋಣೆ, ಹೆಚ್ಚು ಕೆಲ್ಸ ಹಾರ್ಮೋನಿಯಂದು, ಗೋಡೆ ತುಂಬಾ ಭಜನೆ ಮಂಡಳಿಗಳ ಪೆಟ್ಟಿಗೆ. ಆ ಕಡೆ ಹಿಂದೂಸ್ತಾನಿ ಜಾಸ್ತಿ, ಇವ್ರಿಗೆ ನಮ್ಮ ಗಮಕ, ಅಂದ್ರೆ ಸ್ವರ ತೂಗಿಸೋ ರೀತಿ, ಏನು ಗೊತ್ತಿರತ್ತೆ ಅಂತ ಅನ್ಕೊಂಡೇ ಒಳಗೆ ಹೋದೆ, ತಪ್ಪಾಯ್ತು. ಅವ್ರು ಗಿಟಾರ್ ಮುಟ್ಟೋಕ್ಕೂ ಮುಂಚೆ ಫ್ರೆಟ್‌ಬೋರ್ಡ್ ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ "ಈಗ ನಿಮ್ಮ ತೋಡಿ ಬಾರ್ಸಿ" ಅಂದ್ರು. ಹತ್ತು ನಿಮಿಷ ಬಾರ್ಸಿದೆ. ಆಮೇಲೆ ನೋಡಿದ್ರೆ ಬೆರಳು ಎಳೆದ ಕಡೆಯೆಲ್ಲ ಪುಡಿ ಅಳಿಸಿ ಹೋಗಿ ಪಟ್ಟೆ ಪಟ್ಟೆ, ಅದರ ಮೇಲೇ ಪೆನ್ಸಿಲ್ಲಲ್ಲಿ ಗುರುತು ಹಾಕ್ಕೊಂಡ್ರು. ಒಂದೇ ಸಲ ಪೂರ್ತಿ ಕೆರೆಯೋದು ಬೇಡ, ಮೊದ್ಲು 12ರಿಂದ ಮೇಲಕ್ಕೆ ಮಾತ್ರ, ಒಂದು ವಾರ ಬಾರ್ಸಿ ನೋಡಿ ಬನ್ನಿ ಅಂದ್ರು. ಎರಡು ಸಲ ಘಟ್ಟ ಹತ್ತಿ ಇಳಿದಿದ್ದಾಯ್ತು, ಆದ್ರೂ ಅವ್ರು ಹೇಳಿದ್ದೇ ಸರಿ.

ಬಂದ ಮೊದಲ್ನೇ ವಾರ ಅಳು ಬಂತು. ಕೆಳಗೆ ಮರ ಇಲ್ಲ ನೋಡಿ, ಸ್ವಲ್ಪ ಜೋರಾಗಿ ಒತ್ತಿದ್ರೂ ಸ್ವರ ಮೇಲೇರತ್ತೆ, ನನ್ನ ಷಡ್ಜಾನೇ ಶ್ರುತಿ ಬಿಟ್ಟು ಹೋಗ್ತಿತ್ತು. ಹಗುರ ಕೈ ಬರೋಕೆ ಮೂರು ವಾರ ಬೇಕಾಯ್ತು. ಈಗ ಭೈರವಿ ರಾಗದ ಅಟ ತಾಳ ವರ್ಣದಲ್ಲಿ ನಿಷಾದದ ಜಾರು (ಸ್ವರದಿಂದ ಸ್ವರಕ್ಕೆ ಜಾರೋದು) ಎಣ್ಣೆ ಹಚ್ಚಿದ ಹಂಗೆ ಇಳಿಯತ್ತೆ. ಶಕ್ತಿ ಅನ್ನೋ ಫ್ಯೂಷನ್ ಬ್ಯಾಂಡಲ್ಲಿ ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲೇ ಇಂಥ ಕೆರೆದ ಗಿಟಾರ್ ಇಟ್ಕೊಂಡಿದ್ರು, ನಮ್ಮ ಕರಾವಳಿಯವ್ರೇ ಆದ ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನನ್ನೇ ಕರ್ನಾಟಕ ಸಂಗೀತಕ್ಕೆ ಪಳಗಿಸಿದ್ರು, ಮ್ಯಾಂಡೊಲಿನ್ ಶ್ರೀನಿವಾಸ್ ಜೋಡಿ ತಂತಿ ತೆಗೆದು ಐದು ಒಂಟಿ ತಂತಿ ಹಾಕ್ಸಿಕೊಂಡ್ರು. ವಾದ್ಯಾನ ಬಗ್ಗಿಸ್ದೆ ಬರೀ ಬೆರಳಿಂದ ಎಲ್ಲಾ ಆಗತ್ತೆ ಅನ್ನೋವ್ರ ಹತ್ರ ನಾನು ವಾದ ಮಾಡೋಕ್ಕೆ ಹೋಗಲ್ಲ.

ಬೈಯೋದೂ ಇದೆ. ಹತ್ತು ದಿನ ಅಂದವ್ರು ಒಂದು ತಿಂಗಳು ಮಾಡಿದ್ರು, ಫೋನ್ ಮಾಡಿದ್ರೆ ಅಡಿಕೆ ಕೊಯ್ಲು ಅಂತಾರೆ. 15ನೇ ಫ್ರೆಟ್ ಹತ್ರ ಇರೋ ಬಿಳಿ ಚುಕ್ಕೆ ಕೆರೀತಾ ಕೆರೀತಾ ಅರ್ಧ ಹೋಗಿಬಿಟ್ಟಿದೆ, ಕೇಳಿದ್ರೆ "ಬಾರ್ಸೋವಾಗ ಅದ್ನ ಯಾಕೆ ನೋಡ್ತೀರಿ" ಅಂತ ನನಗೇ ತಿರುಗಿ ಬಿಟ್ರು. ನಟ್ (ತಲೆ ಕಡೆ ತಂತಿ ಕೂರೋ ಪಟ್ಟಿ) ಸೀಳಲ್ಲಿ ತಂತಿ ಇನ್ನೂ ಸಿಕ್ಕಾಕ್ಕೊಳ್ಳತ್ತೆ, ದೊಡ್ಡ ಎಳೆತ ಬಿಟ್ಟಾಗ ಟಿಂಕ್ ಅಂತ ಸದ್ದಾಗಿ ಶ್ರುತಿ ಒಂದು ಕೂದಲು ಆಚೆ ಈಚೆ, ಸದ್ಯಕ್ಕೆ ಪೆನ್ಸಿಲ್ ಪುಡಿ ಹಾಕ್ಕೊಂಡು ಸುಧಾರಿಸ್ತಿದ್ದೀನಿ. ತಂತಿ ತುಕ್ಕು ಹಿಡಿಯೋದು ಮಾತ್ರ ಅವ್ರ ತಪ್ಪಲ್ಲ, ಅದು ಕಾರವಾರದ ಗಾಳಿ.

ಎರಡೂ ಸಲ ಸೇರಿ 3,500 ರೂಪಾಯಿ ತಗೊಂಡ್ರು, ನನ್ನ ಪ್ರಕಾರ ಕಮ್ಮಿನೇ. ಒಂದೇ ಗಿಟಾರ್ ಇರೋವ್ರು ಮಾತ್ರ ಯೋಚ್ನೆ ಮಾಡಿ. ಮೊನ್ನೆ ನನ್ನ ತಮ್ಮ ಮಾಮೂಲಿ ಟ್ಯೂನಿಂಗ್‌ಗೆ ತಿರುಗಿಸ್ಕೊಂಡು ತನ್ನ ಭಾರದ ಕೈಲಿ ಒಂದು ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹಿಡಿದ, ಆರೂ ತಂತಿ ಒಂದೊಂದು ದಿಕ್ಕಿಗೆ ಹೋದ್ವು, "ಗಿಟಾರ್ ಕೆಟ್ಟಿದೆ" ಅಂತ ಇಟ್ಟು ಎದ್ದು ಹೋದ.