1966ರ ಮಸ್ಟಾಂಗ್: ವರ್ಷಗಳ ಬಳಕೆಯ ನಂತರ, ಏನು ಬದಲಿಸಿದೆ, ಏನು ಬಿಟ್ಟೆ

ಹಳೆಯ ಅಮೆರಿಕನ್ ಕಾರು ಕೊಂಡು ಸ್ವಂತ ಕೈಯಿಂದ ರಿಪೇರಿ ಮಾಡಿಕೊಳ್ಳಬೇಕು ಅನ್ನುವ ಆಸೆ ಇರುವವರಿಗೆ ನಾನು ಹೇಳುವುದು ಒಂದೇ ಹೆಸರು: ಮೊದಲ ತಲೆಮಾರಿನ ಫೋರ್ಡ್ ಮಸ್ಟಾಂಗ್. ನನ್ನದು 1966ರ ಕೂಪೆ, ಅಂದರೆ ಎರಡು ಬಾಗಿಲಿನ ಕಾರು. 289 ಕ್ಯೂಬಿಕ್ ಇಂಚಿನ ವಿ8 ಎಂಜಿನ್, ಎರಡು ಬ್ಯಾರೆಲ್ ಕಾರ್ಬುರೇಟರ್, ಸಿ4 ಆಟೊಮ್ಯಾಟಿಕ್ ಗೇರ್‌ಬಾಕ್ಸ್. ವರ್ಷಗಳಿಂದ ಓಡಿಸುತ್ತಿದ್ದೇನೆ. ಕೆಲಸದ ಬಹುಪಾಲು ಮನೆಯ ಗ್ಯಾರೇಜಿನಲ್ಲೇ ಆಗಿದೆ. ಬಣ್ಣ, ಹೊಳಪು, ಕ್ರೋಮ್ ಬಗ್ಗೆ ಬೇಕಾದಷ್ಟು ಜನ ಬರೆಯುತ್ತಾರೆ. ನಾನು ಬರೆಯುವುದು ಬಿಡಿಭಾಗಗಳ ಬಗ್ಗೆ: ಸಿಗುತ್ತವಾ, ನಾವೇ ಹಾಕಿಕೊಳ್ಳಬಹುದಾ, ಬಾಳಿಕೆ ಬರುತ್ತವಾ.

ಸಿಗುವ ವಿಷಯದಲ್ಲಿ ಈ ಕಾರಿಗೆ ಸಾಟಿಯಿಲ್ಲ. 1964ರ ಏಪ್ರಿಲ್‌ನಲ್ಲಿ ಮಸ್ಟಾಂಗ್ ಬಂತು. 1966ರ ಮಾದರಿಯೊಂದೇ ಆರು ಲಕ್ಷ ಕಾರು ದಾಟಿತು. ಅಡಿಭಾಗದ ಎಷ್ಟೋ ಸಾಮಾನು ಫೋರ್ಡ್ ಫಾಲ್ಕನ್‌ನಿಂದಲೇ ಬಂದಿದ್ದು. ಇಷ್ಟು ಕಾರು ಉಳಿದಿರುವಾಗ ಭಾಗ ತಯಾರಿಸುವವರು ಸುಮ್ನೆ ಕೂರುತ್ತಾರಾ? ಬಾಗಿಲಿನ ರಬ್ಬರ್‌ನಿಂದ ಹಿಡಿದು ಇಡೀ ಬಾಡಿಯವರೆಗೆ ಇವತ್ತಿಗೂ ಹೊಸದು ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಇನ್ನೊಂದು ಅನುಕೂಲ: 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ.

ನನ್ನ ಕಾರಿನ ಚಾಸಿ ನಂಬರಿನ ಎರಡನೇ ಅಕ್ಷರ 'ಆರ್'. ಅಂದರೆ ಸ್ಯಾನ್ ಹೋಸೆ ಕಾರ್ಖಾನೆ. ಹೆಸರಿಗೆ ಸ್ಯಾನ್ ಹೋಸೆಯಾದರೂ ಅದು ಇದ್ದಿದ್ದು ಕ್ಯಾಲಿಫೋರ್ನಿಯಾದ ಪಕ್ಕದೂರು ಮಿಲ್ಪಿಟಾಸ್‌ನಲ್ಲಿ. 1983ರಲ್ಲಿ ಮುಚ್ಚಿತು, ಆ ಕಟ್ಟಡವೇ ಆಮೇಲೆ ಗ್ರೇಟ್ ಮಾಲ್ ಆಯಿತು. ಬೇ ಏರಿಯಾದ ಕನ್ನಡಿಗರಲ್ಲಿ ಆ ಮಾಲ್ ನೋಡದವರು ಕಡಿಮೆ. ಅಲ್ಲಿ ಹಿಂದೆ ಕಾರು ಜೋಡಿಸುತ್ತಿದ್ದರು ಅಂತ ಹೇಳಿದರೆ ತುಂಬಾ ಜನ ನಂಬುವುದಿಲ್ಲ.

ಮೊದಲು ಬದಲಿಸಿದ್ದು ಬ್ರೇಕ್. ಇದರಲ್ಲಿ ನನಗೆ ಎರಡು ಮಾತಿಲ್ಲ. ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವುದು ಮಾಸ್ಟರ್ ಸಿಲಿಂಡರ್. 1966ರವರೆಗೆ ಮಸ್ಟಾಂಗಿನ ಈ ಸಿಲಿಂಡರ್‌ನಲ್ಲಿ ಆಯಿಲ್‌ಗೆ ಒಂದೇ ಖಾನೆ. ಒಂದು ಚಕ್ರದ ಸಿಲಿಂಡರ್ ಸೋರಿದರೂ ಸಾಕು, ಒಂದು ಹೋಸ್ ಒಡೆದರೂ ಸಾಕು, ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. 1967ರಿಂದ ಫೋರ್ಡ್ ಎರಡು ಖಾನೆಯದು ಕೊಟ್ಟಿತು. ಮುಂದಿನದು ಬೇರೆ, ಹಿಂದಿನದು ಬೇರೆ, ಒಂದು ಕೈಕೊಟ್ಟರೆ ಇನ್ನೊಂದು ನಿಲ್ಲಿಸುತ್ತದೆ. ಆ ಮಾದರಿಯ ಸಿಲಿಂಡರ್ ಹಳೆ ಕಾರಿಗೂ ಕೂರುತ್ತದೆ. ಪೈಪ್‌ಗಳನ್ನು ಮಾತ್ರ ಹೊಸದಾಗಿ ಬಗ್ಗಿಸಿ ಜೋಡಿಸಬೇಕು, ಪೆಡಲಿನ ಪುಶ್‌ರಾಡ್ ಉದ್ದ ಸರಿಯಿದೆಯಾ ನೋಡಬೇಕು.

ಕಾರಿಗೆ ಕೂರಿಸುವ ಮೊದಲು ಅದರ ಗಾಳಿ ತೆಗೆಯುವುದನ್ನು ಮರೆಯಬೇಡಿ. ಸಿಲಿಂಡರನ್ನು ವೈಸ್‌ಗೆ ಕಚ್ಚಿಸಿ. ಎರಡೂ ತೂತಿನಿಂದ ಸಣ್ಣ ಪೈಪ್ ಹಾಕಿ ತುದಿಯನ್ನು ಅದೇ ಖಾನೆಯ ಆಯಿಲ್‌ನಲ್ಲಿ ಮುಳುಗಿಸಿ. ಪಿಸ್ಟನ್ ಅನ್ನು ನಿಧಾನವಾಗಿ ಒತ್ತಿ, ಬಿಡಿ. ಮೊದಲು ದೊಡ್ಡ ಗುಳ್ಳೆ ಬರುತ್ತವೆ, ಆಮೇಲೆ ಸಾಸಿವೆಯಷ್ಟು, ಕೊನೆಗೆ ನಿಂತೇ ಹೋಗುತ್ತವೆ. ಪಿಸ್ಟನ್ ಆಗ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಫೆಂಡರ್ ಮೇಲೆ ದಪ್ಪ ಬಟ್ಟೆ ಹಾಕಿಕೊಳ್ಳಿ.

ಮುಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸಿದ್ದೂ ಸಾರ್ಥಕವಾಯಿತು. ಸ್ಯಾಂಟಾ ಕ್ರೂಜ್‌ಗೆ ಹೋಗುವ ಹೈವೇ 17ರ ಇಳಿಜಾರಿನಲ್ಲಿ ಡ್ರಮ್ ಬಿಸಿಯಾದರೆ ಪೆಡಲ್ ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಡಿಸ್ಕ್ ಬಂದ ಮೇಲೆ ಆ ಭಯ ಹೋಯಿತು. ಆದರೆ 14 ಇಂಚಿನ ಹಳೆ ಚಕ್ರ ಎಲ್ಲಾ ಕಿಟ್‌ಗೂ ಹೊಂದುವುದಿಲ್ಲ, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗೆ ತಾಗುತ್ತದೆ. ಕೊಳ್ಳುವ ಮೊದಲೇ ಕೇಳಿ. ಡಿಸ್ಕ್‌ಗೂ ಡ್ರಮ್‌ಗೂ ಮಾಸ್ಟರ್ ಸಿಲಿಂಡರ್ ಬೇರೆ ಬೇರೆ. ಹಿಂದಿನ ಚಕ್ರ ಮೊದಲೇ ಲಾಕ್ ಆಗದಂತೆ ಪ್ರಪೋರ್ಷನಿಂಗ್ ವಾಲ್ವ್ ಕೂಡ ಬೇಕು.

ಎರಡನೆಯದು ಇಗ್ನಿಷನ್. ಊರಲ್ಲಿ ಅಂಬಾಸಿಡರ್, ಪದ್ಮಿನಿ ಓಡಿಸಿದವರಿಗೆ ಸಿ.ಬಿ. ಪಾಯಿಂಟ್ (ಕಿಡಿ ಹುಟ್ಟಿಸಲು ಕರೆಂಟನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್) ಗೊತ್ತೇ ಇದೆ ಅಲ್ವಾ, ಇಲ್ಲೂ ಅದೇ ಕಥೆ. ಪಾಯಿಂಟ್ ಸವೆದಂತೆ ಗ್ಯಾಪ್ ಬದಲಾಗುತ್ತದೆ, ಟೈಮಿಂಗ್ ಜಾರುತ್ತದೆ, ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಸತಾಯಿಸುತ್ತದೆ. 289ಕ್ಕೆ 0.017 ಇಂಚಿನ ಗ್ಯಾಪ್ ಇಡಬೇಕು. ಅದನ್ನು ಫೀಲರ್ ಗೇಜ್ ಇಟ್ಟು ಹೊಂದಿಸುವ ಕೆಲಸ ನನಗೆ ಇಷ್ಟವೇ. ಆದರೆ ಒಂದು ಅಂಗಡಿಯಿಂದ ತಂದ ಹೊಸ ಕಂಡೆನ್ಸರ್ ಸ್ವಲ್ಪ ದಿನಕ್ಕೇ ಹಾಳಾಗಿ, ಎಂಜಿನ್ ಬಿಸಿಯಾದಾಗಲೆಲ್ಲ ಮಿಸ್ಸಿಂಗ್ ಶುರುವಾಯಿತು. ಅಲ್ಲಿಗೆ ಸಾಕಾಯಿತು. ಪಾಯಿಂಟ್ ಜಾಗದಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದೆ. ಅದು ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೇ ಅಡಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಹಳೆಯದರಂತೆಯೇ. ಖರ್ಚು ನೂರು ಡಾಲರ್ ಆಸುಪಾಸು. ಅಂದಿನಿಂದ ಟೈಮಿಂಗ್ ಹಂದಾಡಿಲ್ಲ, ಐಡಲ್ ಸ್ಥಿರವಾಗಿದೆ.

ಇದರಲ್ಲಿ ಒಂದು ತಂತಿಯ ಬಗ್ಗೆ ಗಮನ ಬೇಕು. ಇಗ್ನಿಷನ್ ಸ್ವಿಚ್‌ನಿಂದ ಕಾಯಿಲ್‌ಗೆ ಬರುವ ಗುಲಾಬಿ ಬಣ್ಣದ ತಂತಿ ಮಾಮೂಲಿ ತಂತಿಯಲ್ಲ, ರೆಸಿಸ್ಟೆನ್ಸ್ ತಂತಿ. ಪಾಯಿಂಟ್ ಬೇಗ ಸುಡಬಾರದು ಅಂತ ವೋಲ್ಟೇಜ್ ಇಳಿಸುವುದೇ ಅದರ ಕೆಲಸ. ಮಾಡ್ಯೂಲ್‌ಗೆ ಪೂರ್ತಿ 12 ವೋಲ್ಟ್ ಬೇಕು. ಹಾಗಾಗಿ ಅದರ ಕೆಂಪು ತಂತಿಯನ್ನು ಗುಲಾಬಿ ತಂತಿ ಶುರುವಾಗುವ ಮೊದಲೇ, ಸ್ವಿಚ್ ಕಡೆಯಿಂದ ತೆಗೆದುಕೊಳ್ಳಿ. ಎಂಜಿನ್ ನಿಂತಿರುವಾಗ ಕೀ ಆನ್ ಇಟ್ಟು ರೇಡಿಯೋ ಕೇಳುತ್ತಾ ಕೂರಬೇಡಿ, ಮಾಡ್ಯೂಲ್ ಸುಟ್ಟು ಹೋಗಬಹುದು.

ಇಷ್ಟು ಬಿಟ್ಟರೆ ಉಳಿದದ್ದಕ್ಕೆ ನನ್ನ ಸಲಹೆ ಒಂದೇ: ಕಾರಿನ ಜೊತೆ ಬಂದ ಹಳೆ ಭಾಗವನ್ನು ರಿಪೇರಿ ಮಾಡಿಸಿ, ಎಸೆಯಬೇಡಿ. ಸ್ಟಾರ್ಟರ್, ಆಲ್ಟರ್ನೇಟರ್, ಬಾಗಿಲಿನ ಹಿಂಜ್, ವೈಪರ್ ಮೋಟಾರ್, ಎಲ್ಲದಕ್ಕೂ ಈ ಮಾತು ಸಲ್ಲುತ್ತದೆ. ಹೊಸದಾಗಿ ಬರುವ ನಕಲಿನಲ್ಲಿ ತಗಡು ತೆಳು, ತೂತು ಒಂಚೂರು ಆಚೀಚೆ. ಬೋಲ್ಟ್ ಕೂರಿಸಲು ಅರ ಹಿಡಿದು ಉಜ್ಜುತ್ತಾ ಇಡೀ ಮಧ್ಯಾಹ್ನ ಕಳೆದುಹೋಗುತ್ತದೆ. ರೀಬಿಲ್ಟ್ ಕೊಳ್ಳುವಾಗ ಅಂಗಡಿಯವರು 'ಕೋರ್' ಅಂತ ಹಣ ಹಿಡಿದುಕೊಳ್ಳುತ್ತಾರೆ, ಹಳೆಯದನ್ನು ತಂದುಕೊಟ್ಟರೆ ಆ ಹಣ ವಾಪಸ್. ಆ ಹಣ ಹೋದರೂ ಪರವಾಗಿಲ್ಲ, ನಿಮ್ಮ ಹಳೆಯದನ್ನು ಕೊಡಬೇಡಿ. ನನ್ನ ಪಾಯಿಂಟ್ ಪ್ಲೇಟ್ ಈಗಲೂ ಡಿಕ್ಕಿಯಲ್ಲಿದೆ, ಸ್ಕ್ರೂ ಸಮೇತ.

ಕಾರ್ಬುರೇಟರ್ ಅಂತೂ ಮುಟ್ಟಲೇಬೇಡಿ ಅನ್ನುತ್ತೇನೆ, ಅಂದರೆ ಬದಲಿಸಲು. ಇದರಲ್ಲಿರುವ ಆಟೋಲೈಟ್ 2100 ಬಹಳ ಸರಳವಾದದ್ದು. ಮೇಲಿನ ಮುಚ್ಚಳ ಬಿಚ್ಚಿದರೆ ಫ್ಲೋಟ್, ಜೆಟ್ ಎಲ್ಲ ಕಣ್ಣೆದುರೇ. ಬೌಲಿನ ಪಕ್ಕದಲ್ಲಿ ವೃತ್ತದೊಳಗೆ ವೆಂಚುರಿ (ಗಾಳಿ ಹಾದುಹೋಗುವ ಕಿರಿದಾದ ದಾರಿ) ಅಳತೆ ಅಚ್ಚಾಗಿರುತ್ತದೆ, ನನ್ನದರಲ್ಲಿ 1.08 ಇಂಚು. ಈಗಿನ ಎಥನಾಲ್ ಪೆಟ್ರೋಲ್ ಹಳೆ ರಬ್ಬರನ್ನು ಕೊರೆಯುತ್ತದೆ. ಪಿಕಪ್ ಕೊಡುವಾಗ ಎಂಜಿನ್ ಮುಗ್ಗರಿಸಿದರೆ ಮೊದಲು ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ನೋಡಿ. ಅಗ್ಗದ ಕಿಟ್‌ನಲ್ಲೇ ಸಿಗುತ್ತದೆ. ಪೆಟ್ರೋಲ್ ಹೋಸ್‌ಗಳನ್ನೂ ಅದರ ಜೊತೆಗೇ ಬದಲಿಸಿ. ಎಂಜಿನ್ ಆಯಿಲ್ ಜಿಂಕ್ ಜಾಸ್ತಿ ಇರುವುದನ್ನೇ ಹಾಕಿ, ಈ ಎಂಜಿನ್‌ನ ವಾಲ್ವ್ ತೆರೆಸುವ ಕ್ಯಾಮ್ ಸವೆಯದೆ ಉಳಿಯಬೇಕಾದರೆ ಅದು ಬೇಕು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಳೆದ ಅರ್ಧ ಅಂಕ ತುಕ್ಕಿಗೆ. ಮುಂದಿನ ಗಾಜಿನ ಕೆಳಗೆ ಗಾಳಿ ಒಳಬರುವ ಜಾಲರಿ ಇದೆಯಲ್ಲ, ಅದರ ಒಳಗಿನ ತಗಡು ತುಕ್ಕು ಹಿಡಿಯುವುದು ಈ ಕಾರಿನ ಹುಟ್ಟುರೋಗ. ಮಳೆನೀರು ನೇರ ಕಾಲಡಿಗೆ ಇಳಿದು ನೆಲದ ತಗಡನ್ನೂ ತಿನ್ನುತ್ತದೆ. ಸರಿಮಾಡಬೇಕೆಂದರೆ ನೂರಾರು ಸ್ಪಾಟ್ ವೆಲ್ಡ್ ಬಿಡಿಸಬೇಕು. ಬೇರೆ ಯಾವ ರಿಪೇರಿಯೂ ಇಷ್ಟು ಖರ್ಚಿನದಲ್ಲ.

ಕೊಳ್ಳಲು ಹೋದಾಗ ಚಕ್ರದ ನಟ್ ಎಣಿಸಿ. ವಿ8 ಆದರೆ ಐದು, ಆರು ಸಿಲಿಂಡರಿನದಾದರೆ ನಾಲ್ಕು. ನಾಲ್ಕು ನಟ್ ಇದ್ದು ಬಾನೆಟ್ ಕೆಳಗೆ ವಿ8 ಕಂಡರೆ, ಯಾರೋ ಎಂಜಿನ್ ಮಾತ್ರ ಬದಲಿಸಿ ಬ್ರೇಕ್, ಆಕ್ಸಲ್ ಹಾಗೇ ಬಿಟ್ಟಿದ್ದಾರೆ ಅಂತಲೇ ಅನುಮಾನಿಸಿ. ಆಮೇಲೆ ಒಂದು ಬಕೆಟ್ ನೀರು ಕೇಳಿ, ಗಾಜಿನ ಕೆಳಗಿನ ಜಾಲರಿಗೆ ನಿಧಾನವಾಗಿ ಸುರಿಯಿರಿ. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಅಡಿ ಎರಡೂ ಬದಿ ನೋಡಿ. ನೀರು ಹಾಕಲು ಮಾರುವವರು ಒಪ್ಪದಿದ್ದರೆ ಬೆಲೆ ಮಾತಾಡುವ ಮೊದಲೇ ಹೊರಟುಬಿಡಿ.